ಬೆಳ್ಳಗಾಗುವ ಆಕಾಶದೊಡನೆ ಹಳೆಯ ಜಗಳ

ಕಡಲು ಸರಿಯಾಗಿ ಮೂಡಿದರೆ ಆಕಾಶ ಸುಣ್ಣ ಬಳಿದ ಗೋಡೆ. ಮೋಡ ಕಾಣಲೆಂದು ಬೆಳಕು ತಗ್ಗಿಸಿದರೆ ಕಡಲು ಕಪ್ಪು. 1850ರ ದಶಕದ ಛಾಯಾಗ್ರಾಹಕರಿಗೆ ಇದು ತೀರದ ತಲೆನೋವು. ಆಗಿನ ಕೊಲೋಡಿಯನ್ ಲೇಪದ ಗಾಜಿನ ಫಲಕಕ್ಕೆ ನೀಲಿ ಬೆಳಕು ತಟ್ಟನೆ ನಾಟುತ್ತಿತ್ತು, ಉಳಿದ ಬಣ್ಣಗಳು ನಾಟುತ್ತಿದ್ದುದು ಕಡಿಮೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಹೊತ್ತಿಗೆ ತಮ್ಮ ಕೆಲವು ಕಡಲ ಚಿತ್ರಗಳಿಗೆ ಉಪಾಯವೊಂದನ್ನು ಹೂಡಿದರು. ಕಡಲಿಗೊಂದು ನೆಗೆಟಿವ್, ಆಕಾಶಕ್ಕೊಂದು; ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಪ್ರಿಂಟ್. ಒಂದೇ ಆಕಾಶ ಬೇರೆ ಬೇರೆ ಕಡಲುಗಳ ಮೇಲೆ ಕಾಣಿಸಿಕೊಂಡದ್ದೂ ಉಂಟು! ಮೊಬೈಲಿನಲ್ಲಿ ಆಕಾಶ ಬದಲಿಸುವವರನ್ನು ಬೈಯುವವರು ಲ ಗ್ರೇಯವರನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಅಮೆರಿಕದ ಆನ್ಸೆಲ್ ಆಡಮ್ಸ್ ಬೇರೆ ದಾರಿ ಹಿಡಿದರು. 1941ರ ಒಂದು ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದ. ಸ್ಮಶಾನದ ಬಿಳಿ ಶಿಲುಬೆಗಳ ಮೇಲಿನ ಬಿಸಿಲು ಇನ್ನೇನು ಹೋಗುವುದರಲ್ಲಿತ್ತು. ಅವಸರದಲ್ಲಿ ಬೆಳಕಿನ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಳತೆ ಅವರಿಗೆ ಬಾಯಿಪಾಠ. ಅದರಿಂದಲೇ ಎಕ್ಸ್‌ಪೋಷರ್ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಮಾಯ. ಉಳಿದ ಆ ಒಂದೇ ನೆಗೆಟಿವ್ ಮೇಲೆ ದಶಕಗಟ್ಟಲೆ ದುಡಿದರು. 1948ರಲ್ಲಿ ಅದರ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಡಾರ್ಕ್‌ರೂಮಿನಲ್ಲಿ ಬೆಳಕಿಗೆ ಅಡ್ಡ ಹಿಡಿದು ಒಂದೆಡೆ ತಿಳಿಗೊಳಿಸುವುದು ಡಾಡ್ಜಿಂಗ್, ಇನ್ನೊಂದೆಡೆ ಹೆಚ್ಚು ಬೆಳಕುಣಿಸಿ ಕಪ್ಪಾಗಿಸುವುದು ಬರ್ನಿಂಗ್. ಮೊದಲ ಪ್ರಿಂಟುಗಳಲ್ಲಿ ಬೂದು ಮೋಡಗಳಿದ್ದ ಆಕಾಶ, ಬರ್ನಿಂಗ್ ಹೆಚ್ಚಿದಂತೆಲ್ಲ ಕಡುಗಪ್ಪಾಯಿತು. ಇವುಗಳಲ್ಲಿ ಅಸಲಿ ಯಾವುದು ಎಂದು ಕೇಳುವುದೇ ವ್ಯರ್ಥ.

ನಮ್ಮೂರುಗಳ ಸ್ಟುಡಿಯೋಗಳೂ ಹಿಂದೆ ಬಿದ್ದಿರಲಿಲ್ಲ. ಮದುವೆಗೆ ತೋರಿಸುವ ಹುಡುಗಿಯ ಮೊಡವೆ ನೆಗೆಟಿವ್ ಮೇಲೆ ಆಡಿದ ಪೆನ್ಸಿಲ್ಲಿಗೇ ಅಳಿಸಿಹೋಗುತ್ತಿತ್ತು.

ಈ ಕೈಚಳಕ ಕಂಪ್ಯೂಟರಿಗೆ ಹೋದದ್ದೂ ಡಾರ್ಕ್‌ರೂಮಿನ ಮೂಲಕವೇ. ಫೋಟೋಶಾಪ್ ಸಾಫ್ಟ್‌ವೇರಿಗೆ ಮೊದಲಿಟ್ಟ ಥಾಮಸ್ ನೋಲ್ ಅವರ ತಂದೆ ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಛಾಯಾಗ್ರಹಣದ ಹವ್ಯಾಸಿ. ಮನೆಯಲ್ಲೇ ಡಾರ್ಕ್‌ರೂಮ್ ಇತ್ತು. 1987ರಲ್ಲಿ ಥಾಮಸ್ ತಮ್ಮ ಮ್ಯಾಕಿಂಟೋಷ್ ಪರದೆಯ ಮೇಲೆ ಬೂದು ಛಾಯೆಗಳನ್ನು ತೋರಿಸುವ ಸಣ್ಣ ಪ್ರೋಗ್ರಾಂ ಬರೆದರು. ಹಾಲಿವುಡ್ ಸಿನಿಮಾಗಳ ಸ್ಪೆಷಲ್ ಎಫೆಕ್ಟ್ಸ್ ಕಂಪನಿಯಲ್ಲಿದ್ದ ಸಹೋದರ ಜಾನ್ ಅದನ್ನು ಬೆಳೆಸಲು ಜೊತೆಯಾದರು. 1990ರ ಫೆಬ್ರವರಿಯಲ್ಲಿ ಅಡೋಬಿ ಕಂಪನಿ ಅದನ್ನು ‘ಫೋಟೋಶಾಪ್’ ಎಂದು ಮಾರುಕಟ್ಟೆಗೆ ತಂದಿತು. ಅದರಲ್ಲಿ ಡಾಡ್ಜ್ ಉಪಕರಣದ ಚಿಹ್ನೆ ತುದಿಗೆ ಬಿಲ್ಲೆಯಿರುವ ಕಡ್ಡಿ, ಬರ್ನ್‌ನದು ಬೆರಳು ಮಡಿಸಿದ ಕೈ. ಚಿತ್ರವನ್ನು ಚುರುಕಾಗಿಸುವ ‘ಅನ್‌ಶಾರ್ಪ್ ಮಾಸ್ಕ್’ ಕೂಡ, ನೆಗೆಟಿವಿಗೆ ಅದರದೇ ಮಸುಕು ಪ್ರತಿಯನ್ನು ಜೋಡಿಸಿ ಪ್ರಿಂಟ್ ಹಾಕುತ್ತಿದ್ದ ಹಳೆಯ ವಿಧಾನ.

ಒಂದು ಪಾಠ ಮಾತ್ರ ತಿರುಗುಮುರುಗಾಯಿತು. ನೆಗೆಟಿವ್ ಫಿಲ್ಮ್‌ನಲ್ಲಿ ನೆರಳಿಗೆ ಬೆಳಕು ಸಾಲದಿದ್ದರೆ ಕೆಲಸ ಕೆಟ್ಟಂತೆ. ಡಿಜಿಟಲ್ ಸೆನ್ಸರಿನಲ್ಲಿ ಹೆಚ್ಚಿನ ಅಪಾಯ ಬಿಳಿಗೆ. ಬೆಳಕು ಪೂರ್ತಿ ತುಂಬಿಹೋದ ಕಡೆ ವಿವರವೇ ದಾಖಲಾಗದು, ಅದನ್ನು ಯಾವ ಸಾಫ್ಟ್‌ವೇರೂ ಮರಳಿ ತರದು. ಕತ್ತಲಲ್ಲಿ ಅಡಗಿದ್ದನ್ನು ಬಹಳಷ್ಟು ಎತ್ತಬಹುದು, ಒಂದಿಷ್ಟು ನಾಯ್ಸ್, ಅಂದರೆ ಕಾಳುಕಾಳು ಮಚ್ಚೆ, ಸಹಿಸಿಕೊಂಡರೆ. ಹಾಗೆ ಎತ್ತಲು ಛಾಯೆಯ ಮೆಟ್ಟಿಲುಗಳು ಹೆಚ್ಚಿದ್ದಷ್ಟೂ ಒಳ್ಳೆಯದು: ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, ಸೆನ್ಸರ್ ಕಂಡದ್ದನ್ನು ಹಾಗೆಯೇ ಇಡುವ 14 ಬಿಟ್‌ನ ರಾ ಫೈಲಿನಲ್ಲಿ 16,384. ಆದ್ದರಿಂದ ಮೋಡವಿರುವ ದಿನ ಕ್ಯಾಮೆರಾವನ್ನು ರಾ ಫೈಲಿಗೆ ಹಾಕಿ, ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಬಲ ಅಂಚಿಗೆ ಒತ್ತಿ ನಿಂತಿದ್ದರೆ ಎಕ್ಸ್‌ಪೋಷರ್ ಇಳಿಸಿ. ನೆರಳಿನ ವಿಚಾರ ಮನೆಗೆ ಬಂದು ನೋಡಿಕೊಂಡರಾಯಿತು.