ತರಗು ಬೆಂಕಿಯ ಕಟ್ಟುಪಾಡು

ಒಣಗಿದ ಎಲೆಗೆ ಬೆಂಕಿ ಇಡುವುದು ಮನುಷ್ಯನ ಬಹು ಹಳೆಯ ಕೆಲಸಗಳಲ್ಲೊಂದು. ಇಟ್ಟ ಬೆಂಕಿಯನ್ನು ಬೇಕಾದಲ್ಲಿ ನಿಲ್ಲಿಸುವುದು ಅದಕ್ಕಿಂತ ದೊಡ್ಡ ವಿದ್ಯೆ. ಕರಾವಳಿಯ ರೈತರು ತರಗೆಲೆ, ಕಡ್ಡಿಕಸವನ್ನು ಗುಡ್ಡೆ ಹಾಕಿ, ಮೇಲೆ ಮಣ್ಣು ಮುಚ್ಚಿ ‘ಸುಡುಮಣ್ಣು’ ಮಾಡುವ ಪದ್ಧತಿ ಇದಕ್ಕೆ ನಿದರ್ಶನ. ಮಣ್ಣಿನ ಹೊದಿಕೆ ಗಾಳಿಯನ್ನು ತಡೆಯುವುದರಿಂದ ಜ್ವಾಲೆ ಏಳುವುದಿಲ್ಲ. ರಾಶಿ ಒಳಗೊಳಗೇ ಬೆಂದು ಗಿಡಗಳಿಗೆ ಗೊಬ್ಬರವಾಗುತ್ತದೆ.

ಇಂಥ ವಿದ್ಯೆಯನ್ನು ಇಡೀ ಕಾಡಿಗೇ ಅನ್ವಯಿಸಿದವರು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅವರ ಮಾತಿನಲ್ಲಿ ಅದು ‘ತರಗು ಬೆಂಕಿ’. ಅದಕ್ಕೆ ಕಾಲದ ಕಟ್ಟುಪಾಡಿತ್ತು. ಜನವರಿ, ಫೆಬ್ರುವರಿಯ ಹೊತ್ತಿಗೆ ಎಲೆ ಉದುರಿರುತ್ತದೆ, ಆದರೆ ನೆಲದ ತೇವ ಪೂರ್ತಿ ಆರಿರುವುದಿಲ್ಲ. ಆಗ ಇಟ್ಟ ಬೆಂಕಿ ನೆಲಮಟ್ಟದಲ್ಲೇ ಹರಿದು, ತರಗನ್ನು ತಿಂದು ಆರಿಹೋಗುತ್ತದೆ. ದಪ್ಪ ತೊಗಟೆಯ ಮರಗಳಿಗೆ ಅದರಿಂದ ದೊಡ್ಡ ಅಪಾಯವಿಲ್ಲ. ಅದೇ ಬೆಂಕಿ ಕಡುಬೇಸಿಗೆಯಲ್ಲಿ ಬಿದ್ದರೆ ಕೊಂಬೆಗೇರುತ್ತದೆ. ತರಗು ಬೆಂಕಿಯಿಂದ ಹೊಸ ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರಗಳನ್ನು ಹೀರುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು, ಕಳೆಗಿಡಗಳ ಸಸಿಗಳು ಸಾಯುತ್ತಿದ್ದವು ಎಂಬುದು ಸೋಲಿಗರ ಅನುಭವ.

ಬ್ರಿಟಿಷ್ ಆಡಳಿತಕ್ಕೆ ಈ ಲೆಕ್ಕಾಚಾರ ಕಾಣಲಿಲ್ಲ. ಅದಕ್ಕೆ ಕಾಡೆಂದರೆ ಹಡಗು ಮತ್ತು ರೈಲುಮಾರ್ಗಕ್ಕೆ ಬೇಕಾದ ಮರ, ಬೆಂಕಿಯೆಂದರೆ ನಷ್ಟ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ಕಟು ವಿರೋಧಿಯಾಗಿದ್ದ. 1860ರಲ್ಲಿ ಆ ಸರ್ಕಾರ ಕುಮರಿಗೆ ನಿರ್ಬಂಧ ಹಾಕಿತು. 1878ರ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಇಡುವುದನ್ನು ಅಪರಾಧವಾಗಿಸಿತು. 1927ರ ಕಾಯ್ದೆ ಅದನ್ನೇ ಮುಂದುವರಿಸಿತು. ಅಧಿಕಾರಿಗಳ ಆತಂಕ ಪೂರ್ಣ ಆಧಾರರಹಿತವೇನಲ್ಲ. ಪದೇ ಪದೇ ಬೆಂಕಿ ಬಿದ್ದರೆ ಎಳೆಯ ಸಸಿಗಳು ಉಳಿಯುವುದಿಲ್ಲ. ಆದರೆ ಹತೋಟಿಯ ಕಿರುಬೆಂಕಿಯನ್ನೂ ಕಾಳ್ಗಿಚ್ಚನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಿತು. ಅತಿಯಾದ ಬೆಂಕಿ ನಿಯಂತ್ರಣದಿಂದ ತೇಗದ ಹೊಸ ಸಸಿಗಳಿಗೇ ತೊಂದರೆಯೆಂದು 1890ರ ದಶಕದಲ್ಲಿ ಬರ್ಮಾದ ಅರಣ್ಯಾಧಿಕಾರಿಗಳಲ್ಲೇ ಕೆಲವರು ವಾದಿಸಿದ್ದರು.

ಸ್ವಾತಂತ್ರ್ಯದ ನಂತರವೂ ನೀತಿ ಬದಲಾಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯಗಳಲ್ಲಿ ಬೆಂಕಿ ಇಡುವುದನ್ನು ನಿಷೇಧಿಸಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದಾಗ ತರಗು ಬೆಂಕಿಯೂ ನಿಂತಿತು.

ಆಮೇಲೆ ಬೆಟ್ಟವನ್ನು ಆವರಿಸಿದ್ದು ಲಂಟಾನ. ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ಬಂದಿತ್ತು. 1997 ಮತ್ತು 2008ರ ನಡುವೆ ಬಿಳಿಗಿರಿಯಲ್ಲಿ ಅದರ ವ್ಯಾಪ್ತಿ ಸುಮಾರು ಎರಡು ಪಟ್ಟಾಯಿತೆಂದು ಸಂಶೋಧಕರು ದಾಖಲಿಸಿದ್ದಾರೆ. ಬೆಂಕಿ ನಿಂತದ್ದೇ ಇದಕ್ಕೆ ಮುಖ್ಯ ಕಾರಣವೆನ್ನುತ್ತಾರೆ ಸೋಲಿಗರು. ವಿಜ್ಞಾನಿಗಳಲ್ಲಿ ಈ ಕುರಿತು ಒಮ್ಮತವಿಲ್ಲ. ಬೆಂಕಿಯೇ ಲಂಟಾನಕ್ಕೆ ಅನುಕೂಲವೆನ್ನುವವರೂ ಇದ್ದಾರೆ.

ಹಾಗೆಂದು ಹಳೆಯ ಪದ್ಧತಿಯನ್ನು ಇದ್ದಂತೆಯೇ ಮರಳಿ ತರುವಂತಿಲ್ಲ. ಆಳೆತ್ತರದ ಲಂಟಾನ ಪೊದೆಗೆ ಕಿಡಿ ತಗುಲಿದರೆ ಜ್ವಾಲೆ ನೇರವಾಗಿ ಮರದ ತಲೆಗೇ ಏರುತ್ತದೆ. 2019ರಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟದ್ದು ಫೆಬ್ರುವರಿಯಲ್ಲೇ. ತಿಂಗಳೊಂದನ್ನೇ ನೋಡಿದರೆ ಸಾಲದು. ನೆಲದಲ್ಲಿ ಎಷ್ಟು ಒಣಸೌದೆ ಕೂಡಿದೆ, ಗಾಳಿ ಎತ್ತ ಬೀಸುತ್ತಿದೆ, ಇಳಿಜಾರು ಹೇಗಿದೆ ಎಂಬುದೂ ಮುಖ್ಯ. ಬೆಂಕಿ ಗಾಳಿಯ ಜೊತೆಗೂ ಏರಿನ ಕಡೆಗೂ ಬೇಗ ಓಡುತ್ತದೆ. ಗಾಳಿಗೆ ಎದುರಾಗಿ, ಇಳಿಜಾರಿಗೆ ನಿಧಾನವಾಗಿ ಸಾಗುತ್ತದೆ.

ಅರಣ್ಯ ಇಲಾಖೆಗೂ ಇದು ಅಪರಿಚಿತವಲ್ಲ. ಪ್ರತಿ ಬೇಸಿಗೆಗೆ ಮುನ್ನ ರಸ್ತೆಯಂಚಿನ ಹುಲ್ಲು, ಪೊದೆಗಳನ್ನು ಕಡಿದು, ಕಾವಲಿದ್ದು ಸುಟ್ಟು ‘ಬೆಂಕಿ ರೇಖೆ’ ಮಾಡುವುದು ಅದರ ವಾಡಿಕೆ. ಬೆಂಕಿಯನ್ನು ತಡೆಯಲು ಬೆಂಕಿಯೇ ಬೇಕೆಂಬುದನ್ನು ಇಲಾಖೆ ಈ ಮಟ್ಟಿಗೆ ಒಪ್ಪಿಕೊಂಡಿದೆ ಎನ್ನಬಹುದು.

2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರ ಹಲವು ಪೋಡುಗಳಿಗೆ ಸಮುದಾಯ ಹಕ್ಕು ದೊರೆಯಿತು. ಜೇನು, ನೆಲ್ಲಿ ಸಂಗ್ರಹಿಸುವ ಅಧಿಕಾರ ಮರಳಿತು; ಬೆಂಕಿಯದು ಮರಳಲಿಲ್ಲ. ನಿಷೇಧಕ್ಕೆ ಐದು ದಶಕ ಸಂದಿದೆ. ಯಾವ ತರಗಿಗೆ, ಯಾವ ದಿನ, ಯಾವ ಗಾಳಿಯಲ್ಲಿ ಕಿಡಿ ತಾಕಿಸಬೇಕೆಂದು ಕೈಯಾರೆ ಮಾಡಿ ಬಲ್ಲವರು ಈಗ ವೃದ್ಧರು. ಲಂಟಾನವನ್ನು ಮೊದಲು ಕಿತ್ತು, ಆಮೇಲೆ ಸಣ್ಣ ತುಣುಕುಗಳಲ್ಲಿ ಪರೀಕ್ಷಿಸಿ ನೋಡುವುದಾದರೆ ಅವರಿರುವಾಗಲೇ ಆಗಬೇಕು.