ಮಾಗಳ ಸೀಮೆಯ ಸೇಂದಿ, ಬೆಂಗಳೂರಿನ ಬಿಯರು: ಒಂದು ಕಸುಬಿನ ಇತಿಹಾಸ

ತುಂಗಭದ್ರೆಯ ಬಲದಂಡೆಯಲ್ಲಿ, ಹೂವಿನಹಡಗಲಿ ತಾಲ್ಲೂಕಿನಲ್ಲಿರುವ ಮಾಗಳ ಗ್ರಾಮವು ಇತಿಹಾಸಾಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಇಲ್ಲಿಯ ಸೂರ್ಯನಾರಾಯಣ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಕ್ಕೆ ಉತ್ತಮ ನಿದರ್ಶನವಾಗಿದೆ. ಅಲೆಕ್ಸಾಂಡರ್ ರೀ ಅವರು 1896ರಲ್ಲಿ ಪ್ರಕಟವಾದ ತಮ್ಮ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಇದನ್ನು ಬಾಗಳಿ, ಕುರುವತ್ತಿ, ಹಿರೇಹಡಗಲಿಗಳ ಗುಡಿಗಳೊಡನೆ ವಿವರಿಸಿದ್ದಾರೆ. ಹೀಗೆ ಈ ಸೀಮೆಯ ಕಲ್ಲುಕುಟಿಗನ ಕೈಗೆಲಸಕ್ಕೆ ಇತಿಹಾಸದಲ್ಲಿ ಒಂದು ಸ್ಥಾನವು ದೊರೆಯಿತು. ಅದೇ ಸೀಮೆಯಲ್ಲಿ ಬಹುಕಾಲ ನಡೆದುಬಂದ ಮತ್ತೊಂದು ಕೈಗೆಲಸಕ್ಕೆ ಇಂತಹ ಭಾಗ್ಯವು ಲಭಿಸಲಿಲ್ಲ. ಅದು ಈಚಲುಮರದಿಂದ ಸೇಂದಿಯನ್ನು ಇಳಿಸುವ ಕಸುಬು.

ಇಂದು ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ, ಕಣ್ಣೆದುರಿನಲ್ಲಿಯೇ ಬಿಯರನ್ನು ತಯಾರಿಸಿ ಬಡಿಸುವ ಮನೆಗಳು ಹೆಸರು ಪಡೆದಿವೆ. ಅವುಗಳ ಉತ್ಸವಗಳೂ ರುಚಿ ನೋಡುವ ಕೂಟಗಳೂ ವಾರ್ತೆಯಾಗುತ್ತಿವೆ. ಇದನ್ನು ಹೊಸ ಕಸುಬೆಂದು ಬಗೆಯುವುದು ರೂಢಿಯಾಗಿದೆ. ಇದು ಎಷ್ಟರಮಟ್ಟಿಗೆ ಹೊಸದು, ಇದಕ್ಕಿಂತ ಹಿಂದೆ ನಾಡಿನ ಹಳ್ಳಿಗಳಲ್ಲಿದ್ದ ಇಂತಹುದೇ ಕಸುಬು ಯಾವ ಕಾರಣಗಳಿಂದ ಅಳಿಯಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಮದ್ಯಪಾನದ ಗುಣದೋಷಗಳನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಆ ಪ್ರಶ್ನೆಯನ್ನು ಬದಿಗಿಟ್ಟು ಈ ಇತಿಹಾಸವನ್ನು ಬರೆಯುವುದೂ ಸಾಧ್ಯವಿಲ್ಲವೆಂಬುದು ಮುಂದೆ ತಿಳಿದುಬರುವುದು.

1

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಬಿಯರನ್ನು ಧಾನ್ಯದಿಂದ ಮಾಡುತ್ತಾರೆ. ಧಾನ್ಯದಲ್ಲಿರುವುದು ಪಿಷ್ಟ, ಅದು ನೇರವಾಗಿ ಹುಳಿಯುವುದಿಲ್ಲ. ಬಾರ್ಲಿಯನ್ನು ನೆನಸಿ, ಮೊಳೆಯಿಸಿ, ಒಣಗಿಸಿ, ಬಿಸಿನೀರಿನಲ್ಲಿ ಕಲಸಿದಾಗ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಈ ಕ್ರಿಯೆಯ ರಹಸ್ಯವನ್ನು ಲೂಯಿ ಪಾಸ್ತರನು 1876ರಲ್ಲಿ ಪ್ರಕಟಿಸಿದ ಬಿಯರನ್ನು ಕುರಿತ ಗ್ರಂಥದಲ್ಲಿ ವಿಶದಪಡಿಸಿದನು. ಸೇಂದಿಯ ವಿಷಯವು ಇದಕ್ಕಿಂತ ಸರಳ. ಈಚಲಿನ ರಸದಲ್ಲಿ ಸಕ್ಕರೆಯು ಮೊದಲೇ ಇರುವುದರಿಂದ ಮೊಳೆಯಿಸುವ ಕೆಲಸವಿಲ್ಲ. ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಯೀಸ್ಟಿನಿಂದಲೇ ರಸವು ಕೆಲವು ಗಂಟೆಗಳಲ್ಲಿ ನೊರೆಯೇಳುತ್ತದೆ. ಒಂದು ದಿನದೊಳಗೆ ಅದರ ಮದ್ಯಸಾರವು ಸಾಮಾನ್ಯ ಬಿಯರಿನ ಮಟ್ಟಕ್ಕೆ, ಅಂದರೆ ನೂರಕ್ಕೆ ನಾಲ್ಕೈದು ಪಾಲಿನಷ್ಟಕ್ಕೆ, ಬರುತ್ತದೆ. ಇನ್ನೂ ತಡೆದರೆ ಹುಳಿಯೇರಿ ಕಾಡಿಯಾಗುತ್ತದೆ.

ಆದಕಾರಣ ಸೇಂದಿಯು ದೂರ ಪ್ರಯಾಣ ಮಾಡಲಾರದು. ಅದು ಇಳಿದ ಊರಿನಲ್ಲಿ, ಇಳಿದ ದಿನವೇ ಮುಗಿಯಬೇಕು. ಊರೂರಿಗೂ ಒಬ್ಬ ಕಸುಬುಗಾರನು ಬೇಕಾಗುವುದು ಇದರಿಂದಲೇ. ಮರದ ಮೇಲ್ಭಾಗದ ಗರಿಗಳನ್ನು ಒಂದು ಮಗ್ಗುಲಲ್ಲಿ ಸವರಿ, ಮೃದುವಾದ ಭಾಗವನ್ನು ತೆಳ್ಳಗೆ ಕೆತ್ತಿ, ಬಿದಿರಿನ ಸೀಳಿನ ಮೂಲಕ ರಸವನ್ನು ಗಡಿಗೆಗೆ ಹರಿಯಿಸಬೇಕು. ಕೆಲವು ದಿನ ಕೆತ್ತಿದ ಮೇಲೆ ಮರಕ್ಕೆ ಅಷ್ಟೇ ದಿನಗಳ ವಿಶ್ರಾಂತಿಯನ್ನು ಕೊಡಬೇಕು. ಒಂದು ವರ್ಷ ಒಂದು ಮಗ್ಗುಲು, ಮರುವರ್ಷ ಎದುರು ಮಗ್ಗುಲು; ಹಳೆಯ ಈಚಲುಗಳ ಕಾಂಡವು ಹಲ್ಲುಹಲ್ಲಾಗಿ ಕಾಣುವುದು ಈ ಕಾರಣದಿಂದ. ಕೆತ್ತು ಆಳವಾದರೆ ಮರವು ಸಾಯುತ್ತದೆ, ಮೇಲಾದರೆ ರಸವಿಲ್ಲ. ಇದು ಕೈಯ ಅಳತೆಯಿಂದಲ್ಲದೆ ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಶಬ್ದಗಳೂ ಇದಕ್ಕೆ ಸಾಕ್ಷಿ ನುಡಿಯುತ್ತವೆ. ಕಳ್ಳು ಎಂಬುದು ದ್ರಾವಿಡ ಭಾಷೆಗಳಿಗೆಲ್ಲ ಸಾಮಾನ್ಯವಾದ ಹಳೆಯ ಮಾತು. ತಮಿಳಿನ ಕಳ್, ತೆಲುಗಿನ ಕಲ್ಲು ಇದರ ಸಂಬಂಧಿಗಳು. ಸೇಂದಿ ಎಂಬುದು ಮರಾಠಿಯಲ್ಲಿ ಈಚಲುಮರಕ್ಕಿರುವ ಶಿಂದಿ ಎಂಬ ಹೆಸರಿನೊಡನೆ ಹೊಂದುತ್ತದೆ. ಕಸುಬುಗಾರರಾದ ಈಡಿಗರ ಹೆಸರು ಎಳೆ, ಸೆಳೆ ಎಂಬ ಅರ್ಥದ ತೆಲುಗು ಧಾತುವಿನಿಂದ ಬಂದಿತೆಂಬುದು ಥರ್ಸ್ಟನ್ ಅವರ 1909ರ ಗ್ರಂಥದಲ್ಲಿ ಕಂಡುಬರುವ ಅಭಿಪ್ರಾಯ. ಕೊನೆಯದಾಗಿ ಅಬಕಾರಿ. ಪಾರಸಿಯಲ್ಲಿ ಆಬ್ ಎಂದರೆ ನೀರು, ಕಾರೀ ಎಂದರೆ ಕೆಲಸ. ಮೂಲದಲ್ಲಿ ಕೆಲಸವನ್ನು ಹೇಳುತ್ತಿದ್ದ ಮಾತು ನಮ್ಮಲ್ಲಿ ತೆರಿಗೆಯನ್ನು ಹೇಳುವ ಮಾತಾಯಿತು. ಈ ಅರ್ಥಪಲ್ಲಟದಲ್ಲಿಯೇ ಕಸುಬಿನ ಚರಿತ್ರೆಯು ಅಡಗಿದೆಯೆಂದರೆ ತಪ್ಪಾಗಲಾರದು.

2

ಪ್ರಾಚೀನ ಭಾರತದಲ್ಲಿ ಧಾನ್ಯದ ಮದ್ಯವಿರಲಿಲ್ಲವೆಂಬ ಭಾವನೆಯು ಸರಿಯಲ್ಲ. ಮನುಸ್ಮೃತಿಯು ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರಾಗಿ ವಿಂಗಡಿಸಿ ನಿಷೇಧಿಸುತ್ತದೆ. ಇವುಗಳಲ್ಲಿ ಪೈಷ್ಟಿಯು ಹಿಟ್ಟಿನಿಂದ ಮಾಡಿದುದು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಅಕ್ಕಿಯಿಂದ ಮಾಡುವ ಮೇದಕವನ್ನೂ, ಉದ್ದು ಅಕ್ಕಿಗಳಿಂದ ಕಟ್ಟುವ ಕಿಣ್ವವನ್ನೂ ಅಳತೆಗಳೊಡನೆ ಹೇಳಿದೆ. ಆ ಪ್ರಕರಣದ ಎರಡು ವಿಧಿಗಳು ನಮ್ಮ ವಿಷಯಕ್ಕೆ ಮುಖ್ಯವಾದುವು. ಗೃಹಸ್ಥರು ತಮ್ಮ ಮನೆಯ ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನು ತಾವೇ ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಮದ್ಯದ ಅನುಮತಿಯನ್ನು ಕೊಡಬೇಕು. ರಾಜ್ಯವು ಸುಂಕವನ್ನು ಬಿಡಲಿಲ್ಲ; ಆದರೆ ಮನೆಯ ತಯಾರಿಕೆಗೂ ಹಬ್ಬದ ಕೂಟಕ್ಕೂ ಒಂದಿಷ್ಟು ಎಡೆಯನ್ನಿಟ್ಟಿತು.

ಕನ್ನಡನಾಡಿಗೆ ಬರುವುದಾದರೆ, 941ರ ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಮಾಗಳ ಸೀಮೆಯನ್ನಾಳಿದ ಚಾಲುಕ್ಯ ವಂಶದವನೇ ಆದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ರಾಜನ ಇಪ್ಪತ್ತು ಕ್ರೀಡೆಗಳಲ್ಲಿ ಮದಿರಾಪಾನ ಕ್ರೀಡೆಯನ್ನೂ ಎಣಿಸುತ್ತದೆ. ಇವು ಅರಮನೆಯ ಮತ್ತು ಪೇಟೆಯ ಚಿತ್ರಗಳು. ಇಲ್ಲಿ ಕುಡಿಯುವವರು ಕಾಣುತ್ತಾರೆ, ಮಾಡುವವನು ಕಾಣುವುದಿಲ್ಲ. ಮಾಡುವವನು, ಮಾರುವವನು ತಾನೇ ಮಾತನಾಡುವುದು ಹನ್ನೆರಡನೆಯ ಶತಮಾನದ ವಚನಗಳಲ್ಲಿ. ಹೆಂಡದ ಮಾರಯ್ಯನ ಕಾಯಕವು ಹೆಂಡ ಮಾರುವುದು. ಧರ್ಮೇಶ್ವರಲಿಂಗ ಎಂಬುದು ಅವನ ಅಂಕಿತ. ಅವನು ತನ್ನ ಕಸುಬಿನ ಪರಿಭಾಷೆಯನ್ನೇ ಅನುಭಾವದ ಪರಿಭಾಷೆಯನ್ನಾಗಿ ಮಾಡಿಕೊಂಡನು. ಶರಣರು ಮದ್ಯಪಾನವನ್ನು ಹೊಗಳಿದವರಲ್ಲ. ಆದರೂ ಹೆಂಡ ಮಾರುವವನನ್ನು ಅವನ ಕಸುಬಿನ ಹೆಸರಿನಿಂದಲೇ ಕರೆದು ತಮ್ಮ ಗೋಷ್ಠಿಯಲ್ಲಿ ಕೂರಿಸಿಕೊಂಡರೆಂಬುದು ಗಮನಾರ್ಹವಾದ ಸಂಗತಿ. ವಸ್ತುವನ್ನು ಕುರಿತ ತೀರ್ಪು ಬೇರೆ, ಕಸುಬುಗಾರನಿಗೆ ಸಲ್ಲಬೇಕಾದ ಗೌರವ ಬೇರೆ ಎಂಬ ವಿವೇಕವು ಅಲ್ಲಿ ಕಾಣುತ್ತದೆ.

3

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಪ್ರಾಂತಗಳೊಡನೆ ಈ ಸೀಮೆಯು ಕಂಪನಿಯ ವಶವಾಯಿತು. ಮುಂದೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳು ಒಂದು ವಿಚಿತ್ರವಾದ ಎಡೆಯಲ್ಲಿದ್ದುವು. ಹೊಳೆಯಾಚೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. ದಕ್ಷಿಣದಲ್ಲಿ ಮೈಸೂರು ಸಂಸ್ಥಾನ. ಉತ್ತರದಲ್ಲಿ ನಿಜಾಮನ ರಾಜ್ಯ. ಒಂದೇ ಭಾಷೆಯ, ಒಂದೇ ಮರದ, ಒಂದೇ ಕಸುಬಿನ ಜನರು ನಾಲ್ಕು ಅಬಕಾರಿ ಕಟ್ಟಳೆಗಳ ಅಧೀನರಾದರು. ಮುಂಬಯಿಯ ಅಬಕಾರಿ ಕಾಯಿದೆಯು 1878ರದು, ಮದರಾಸಿನದು 1886ರದು. ಕೆತ್ತುವ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು ಎಂಬ ಏರ್ಪಾಟಿನಲ್ಲಿ ಮರ ಹತ್ತುವವನು ಒಬ್ಬ, ಲಾಭ ಪಡೆಯುವ ಗುತ್ತಿಗೆದಾರ ಮತ್ತೊಬ್ಬ ಎಂದಾಯಿತು. ಡಬ್ಲ್ಯು. ಫ್ರಾನ್ಸಿಸ್ ಅವರು 1904ರಲ್ಲಿ ಸಂಪಾದಿಸಿದ ಬಳ್ಳಾರಿ ಜಿಲ್ಲೆಯ ಗೆಜೆಟಿಯರಿನಲ್ಲಿ ಸೇಂದಿಯ ವಿಚಾರವು ಬರುವುದು ಉಪ್ಪು ಮತ್ತು ಅಬಕಾರಿ ಕಂದಾಯಗಳ ಅಧ್ಯಾಯದಲ್ಲಿ. ನೇಯುವವನು ಕಸುಬುಗಾರನೆಂದೂ ಸೇಂದಿಯಿಳಿಸುವವನು ಕಂದಾಯದ ಬಾಬತ್ತೆಂದೂ ಪರಿಗಣಿತರಾದರು.

ಸರ್ಕಾರದ ಬೊಕ್ಕಸಕ್ಕೂ ಈಚಲುಮರಕ್ಕೂ ಹೀಗೆ ಗಂಟುಬಿದ್ದುದರಿಂದಲೇ ಸ್ವಾತಂತ್ರ್ಯ ಚಳವಳಿಯು ಆ ಮರದ ಮೇಲೆಯೇ ಕೊಡಲಿಯೆತ್ತಿತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲುಮರಗಳನ್ನು ಕಡಿಯುವ ಸತ್ಯಾಗ್ರಹವು ನಡೆಯಿತು. ಅದರ ಮುಂದಾಳುಗಳಲ್ಲಿ ಪ್ರಮುಖರಾದ ಎಸ್. ನಿಜಲಿಂಗಪ್ಪನವರು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಜನಿಸಿದವರು. ಮದರಾಸಿನಲ್ಲಿ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧವನ್ನಾರಂಭಿಸಿತು. 1948ರ ಹೊತ್ತಿಗೆ ಅದು ಪ್ರಾಂತವನ್ನೆಲ್ಲ ವ್ಯಾಪಿಸಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. 1967ರಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗಲೇ ರಾಜ್ಯವು ಪಾನನಿಷೇಧವನ್ನು ಕೈಬಿಟ್ಟು 1965ರ ಅಬಕಾರಿ ಕಾಯಿದೆಯನ್ನು ಜಾರಿಗೆ ತಂದಿತು. ಇದನ್ನು ವ್ಯಕ್ತಿಯ ಚಂಚಲತೆಯೆಂದು ಭಾವಿಸಲಾಗದು. ಬೊಕ್ಕಸದ ಅಗತ್ಯಕ್ಕೂ ನೀತಿಯ ಸಂಕಲ್ಪಕ್ಕೂ ನಡುವಣ ಘರ್ಷಣೆಯು ಅಂದಿಗೂ ತೀರಲಿಲ್ಲ, ಇಂದಿಗೂ ತೀರಿಲ್ಲ.

ಕಸುಬು ಮರಳಿತು, ಆದರೆ ಹರಾಜಿನ ನೆರಳಿನಲ್ಲಿ ಮರಳಿತು. ಹರಾಜಿನಲ್ಲಿ ಹೆಚ್ಚು ಹಣ ಕಟ್ಟಿದವನು ಹೆಚ್ಚು ಮಾರಲೇಬೇಕು; ಮರವಾದರೋ ತನ್ನ ಶಕ್ತಿಯಷ್ಟನ್ನೇ ಕೊಡುತ್ತದೆ. ಈ ಅಂತರವನ್ನು ನೀರೂ ಕ್ಲೋರಲ್ ಹೈಡ್ರೇಟಿನಂತಹ ಅಮಲಿನ ರಾಸಾಯನಿಕಗಳೂ ತುಂಬಿದುವು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯದಿಂದ 300ಕ್ಕೂ ಹೆಚ್ಚು ಜನರು ಸತ್ತುದು ಭಟ್ಟಿಯ ಮದ್ಯದ ದುರಂತ, ಅದು ಸೇಂದಿಯದಲ್ಲ. ಆದರೆ ಸಾರ್ವಜನಿಕರ ಮನಸ್ಸಿನಲ್ಲಿ ಬಡವರ ಪಾನೀಯಗಳೆಲ್ಲವೂ ಒಂದೇ ಆದುವು. 2004ರಲ್ಲಿ, ಕರಾವಳಿಯ ಜಿಲ್ಲೆಗಳನ್ನು ಬಿಟ್ಟು, ರಾಜ್ಯದಲ್ಲಿ ಸೇಂದಿಯು ನಿಷಿದ್ಧವಾಯಿತು. 2007ರ ಜುಲೈ 1ರಂದು ಸಾರಾಯಿಯೂ ನಿಂತಿತು. ಹಳ್ಳಿಗೆ ಉಳಿದುದು ದೂರದ ಕಾರಖಾನೆಯಲ್ಲಿ ತಯಾರಾದ ಸೀಸೆಯ ಮದ್ಯವೊಂದೇ. ಕುಡಿತವು ನಿಲ್ಲಲಿಲ್ಲ, ಸ್ಥಳೀಯ ಕಸುಬು ಮಾತ್ರ ನಿಂತಿತು.

4

ಇನ್ನು ಬೆಂಗಳೂರಿನ ವಿಷಯ. ಅಲ್ಲಿ ಬಿಯರು ಬೇರೂರಿದುದು ದಂಡಿನ ಸೋಲ್ಜರರಿಗಾಗಿ. 1915ರಲ್ಲಿ ಥಾಮಸ್ ಲೀಶ್‌ಮನ್ನನು ದಕ್ಷಿಣ ಭಾರತದ ಐದು ಬಿಯರ್ ಕಾರಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಸ್ಥಾಪಿಸಿದನು. ಸೀಸೆಯಲ್ಲಿ ತುಂಬಿ, ಕಾಯಿಸಿ, ರೈಲಿನಲ್ಲಿ ಕಳುಹಿಸಬಹುದಾದ ಬಿಯರು ಸೇಂದಿಗಿಲ್ಲದ ಅನುಕೂಲವನ್ನು ಪಡೆದಿತ್ತು. ಅದು ಪ್ರಯಾಣ ಮಾಡಬಲ್ಲುದಾಗಿತ್ತು.

ಪಾಶ್ಚಾತ್ಯ ದೇಶಗಳಲ್ಲಿ ಕಾರಖಾನೆಯ ಈ ಏಕರೂಪತೆಗೆ ಪ್ರತಿಯಾಗಿ ಒಂದು ಚಳವಳಿಯು ಹುಟ್ಟಿತು. 1971ರಲ್ಲಿ ಇಂಗ್ಲೆಂಡಿನ ಸಾಂಪ್ರದಾಯಿಕ ಏಲನ್ನು ಉಳಿಸಿಕೊಳ್ಳುವ ಬಳಕೆದಾರರ ಸಂಘವು ಸ್ಥಾಪಿತವಾಯಿತು. ಅಮೆರಿಕದಲ್ಲಿ 1978ರ ಶಾಸನವು ಮನೆಯ ಬಳಕೆಗಾಗಿ ಬಿಯರು ಮಾಡುವುದನ್ನು ಒಕ್ಕೂಟದ ಸುಂಕದಿಂದ ಮುಕ್ತಗೊಳಿಸಿತು. 1982ರಿಂದ ಕೊಲೊರಾಡೊ ಸೀಮೆಯಲ್ಲಿ ಬಿಯರಿನ ಮಹೋತ್ಸವವು ನಡೆಯತೊಡಗಿ, ಮುಂದೆ ಸ್ಪರ್ಧೆಯೂ ಪದಕಗಳೂ ಅದಕ್ಕೆ ಸೇರಿದುವು. ಗೃಹಸ್ಥನ ತಯಾರಿಕೆ, ಉತ್ಸವದ ಕೂಟ: ಕೌಟಿಲ್ಯನ ಎರಡು ವಿಧಿಗಳೇ ಬೇರೊಂದು ಖಂಡದಲ್ಲಿ ಮರುಹುಟ್ಟು ಪಡೆದಂತೆ ನಮಗೆ ತೋರುತ್ತದೆ.

ಈ ಅಲೆಯು ಬೆಂಗಳೂರನ್ನು ಮುಟ್ಟಿದುದು 2011ರ ಸುಮಾರಿಗೆ. ಲ್ಯಾವೆಲ್ ರಸ್ತೆಯ ದಿ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಮೊದಲಾದುವು ಅದರ ಆರಂಭದ ಮನೆಗಳು. ತಯಾರಿಸಿದ ಎಡೆಯಲ್ಲಿಯೇ ಬಡಿಸುವುದು, ತಾಜಾತನವೇ ಗುಣವೆಂದು ತಿಳಿಯುವುದು, ಬಾಸುಮತಿ ಅಕ್ಕಿಯಂತಹ ನಾಡಿನ ಧಾನ್ಯವನ್ನು ಬೆರೆಸುವುದು, ತಯಾರಕನ ಕೈಗುಣವನ್ನು ಕೊಂಡಾಡುವುದು ಇವುಗಳ ಲಕ್ಷಣ. ಇವುಗಳಲ್ಲಿ ಯಾವುದು ಸೇಂದಿಯ ಕಸುಬಿನಲ್ಲಿರಲಿಲ್ಲ? ಬಿಯರಿನ ಕಸುಬಿನಲ್ಲಿ ವಿದ್ಯೆಯಿಲ್ಲವೆಂದು ನಾವು ಹೇಳುತ್ತಿಲ್ಲ. ಮೊಳೆಯಿಸುವಿಕೆ, ಶಾಖದ ಹತೋಟಿ, ಶುಚಿತ್ವ ಇವೆಲ್ಲವೂ ಶ್ರಮದ ವಿದ್ಯೆಗಳೇ. ಭೇದವಿರುವುದು ವಿದ್ಯೆಯಲ್ಲಲ್ಲ, ಅದಕ್ಕೆ ದೊರೆತ ಹೆಸರಿನಲ್ಲಿ. ನಗರದಲ್ಲಿ ಅದು ಕಲೆ. ಹಳ್ಳಿಯಲ್ಲಿ ಅದು ಅಪರಾಧ.

5

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಕುಡಿತದಿಂದ ಹಾಳಾದ ಸಂಸಾರಗಳ ಲೆಕ್ಕವೇನು? ಈ ಪ್ರಶ್ನೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಹಳ್ಳಿಯ ಹೆಂಗಸರು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಪಾನನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರ ಮಾತನ್ನು ತಳ್ಳಿಹಾಕಿ ಬರೆದ ಮದ್ಯದ ಇತಿಹಾಸವು ಸತ್ಯವಾದ ಇತಿಹಾಸವಾಗಲಾರದು. ಆದರೆ ಕಾಲವನ್ನು ಗಮನಿಸಬೇಕು. ಅವರು ನಡೆದು ಬಂದುದು ಸೇಂದಿಯೂ ಸಾರಾಯಿಯೂ ನಿಂತು ಹತ್ತು ವರ್ಷಗಳಿಗೂ ಮಿಕ್ಕಿದ ಮೇಲೆ. ಅವರ ಮನೆಗಳನ್ನು ಅಂದು ಕಾಡುತ್ತಿದ್ದುದು ಈಚಲಿನ ಗಡಿಗೆಯಲ್ಲ, ಪರವಾನಗಿ ಪಡೆದ ಸೀಸೆ. ಕಸುಬುಗಾರನನ್ನು ತೆಗೆದುಹಾಕಿದರೆ ಕುಡಿತವು ತೊಲಗುವುದೆಂಬ ಎಣಿಕೆಯು ಫಲಿಸಲಿಲ್ಲವೆಂಬುದಕ್ಕೆ ಆ ನಡಿಗೆಯೇ ಪ್ರಮಾಣ.

ಕೊನೆಯದಾಗಿ ಒಂದು ಮಾತು. ಕಾನೂನನ್ನು ಸಡಿಲಿಸಬೇಕೋ ಬಿಗಿಗೊಳಿಸಬೇಕೋ ಎಂಬುದನ್ನು ಶಾಸಕರೂ ಜನರೂ ನಿರ್ಧರಿಸಲಿ. ಇತಿಹಾಸಾಭ್ಯಾಸಿಯ ಕರ್ತವ್ಯವು ಬೇರೆ. 2004ಕ್ಕೆ ಮೊದಲು ಮರವೇರಿದವರು ಈಗ ವೃದ್ಧರಾಗಿದ್ದಾರೆ. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಲ್ಲಿ ಅವರು ಬಳಸುತ್ತಿದ್ದ ಕತ್ತಿಯ, ಮೋಕಿನ, ಗಡಿಗೆಯ ಹೆಸರುಗಳನ್ನು, ಮರದ ಗುಣವನ್ನು ಗುರುತಿಸುವ ಮಾತುಗಳನ್ನು, ಕೆತ್ತಿನ ಕ್ರಮವನ್ನು ಬರೆದಿಟ್ಟುಕೊಳ್ಳುವುದು ನಮ್ಮ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕೆಲಸವಲ್ಲ. ಕರಾವಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ಈ ಕಸುಬು ಜೀವಂತವಾಗಿರುವುದರಿಂದ ಹೋಲಿಸಿ ನೋಡಲೂ ಅನುಕೂಲವಿದೆ. ಮಾಗಳದ ಗುಡಿಯ ಕಂಬವನ್ನು ಕಡೆದ ಕೈಗೆ ಇತಿಹಾಸವು ತಡವಾಗಿಯಾದರೂ ನಮಸ್ಕರಿಸಿತು. ಆ ಗುಡಿಯ ಊರಿನ ಈಚಲನ್ನು ಕೊಲ್ಲದೆ ಕೆತ್ತಿದ ಕೈಯನ್ನು ಕನಿಷ್ಠ ಪಕ್ಷ ಕಂದಾಯದ ಅಧ್ಯಾಯದಿಂದ ಕಸುಬಿನ ಅಧ್ಯಾಯಕ್ಕೆ ವರ್ಗಾಯಿಸುವುದು ನಮ್ಮ ಪಾಲಿಗೆ ಉಳಿದಿರುವ ಕೆಲಸವಾಗಿದೆ.