ಕನ್ಯೆಯರ ಕಂದುಕಕ್ರೀಡೆಯೂ ಕಾಲೇಜಿನ ವಿದ್ಯೆಯೂ

ದಂಡಿ ಕವಿಯ ದಶಕುಮಾರಚರಿತವನ್ನು ಪಾಠಶಾಲೆಯಲ್ಲಿ ಓದಿದವರಿಗೆ ಕಂದುಕಾವತಿಯ ಹೆಸರು ಮರೆತುಹೋಗಲಾರದು. ದಾಮಲಿಪ್ತದ ಅರಸನಾದ ತುಂಗಧನ್ವನಿಗೆ ವಿಂಧ್ಯವಾಸಿನೀ ದೇವಿಯ ವರದಿಂದ ಹುಟ್ಟಿದ ಈ ರಾಜಪುತ್ರಿಯು ತನ್ನ ಏಳನೆಯ ವರ್ಷದಿಂದ ಮದುವೆಯಾಗುವ ವರೆಗೆ ಪ್ರತಿ ತಿಂಗಳೂ ಕೃತ್ತಿಕಾ ನಕ್ಷತ್ರದ ದಿನ ಚೆಂಡಾಡಿ ದೇವಿಯನ್ನು ಆರಾಧಿಸಬೇಕೆಂದು ಕಟ್ಟಳೆ. ಆಕೆ ಮೆಚ್ಚಿದವನಿಗೇ ಆಕೆಯನ್ನು ಕೊಡತಕ್ಕದ್ದೆಂಬುದೂ ಅದೇ ವರದ ಒಂದು ಭಾಗ. ಆಕೆಯು ಮಿತ್ರಗುಪ್ತನನ್ನು ಮೆಚ್ಚಿದಳು. ಸೋದರನಾದ ಭೀಮಧನ್ವನು ಅವನನ್ನು ಕಟ್ಟಿಸಿ ಸಮುದ್ರಕ್ಕೆ ಎಸೆಯಿಸಿದನು. ಕನ್ಯೆಯ ಆಯ್ಕೆಗೆ ಮನೆಯವರ ಅಡ್ಡಿ ಎಂಬುದು ಬಹು ಹಳೆಯ ಕಥೆಯೇ ಸರಿ.

ಆ ಚೆಂಡು ಕೈಯಿಂದ ಆಡತಕ್ಕದ್ದು, ಈಗಿನ ಕಾಲ್ಚೆಂಡಲ್ಲ, ಎಂಬುದನ್ನು ಬಲ್ಲೆನು. ವಾಚಕರ ಗಮನಕ್ಕೆ ತರಬೇಕಾದುದು ಬೇರೊಂದು ಮಾತು: 'ಮದುವೆಯಾಗುವ ವರೆಗೆ' ಎಂಬ ಅವಧಿ. ಆಟವು ಕನ್ಯಾವಸ್ಥೆಯ ಅಲಂಕಾರವೆಂದೂ ಆ ಅವಸ್ಥೆ ಕಳೆದೊಡನೆ ಚೆಂಡನ್ನು ಕೆಳಗಿಡತಕ್ಕದ್ದೆಂದೂ ನಮ್ಮ ಹಿರಿಯರು ಎಣಿಸಿದ್ದರು. ಇಂದು ಮದುವೆಯ ಸ್ಥಾನಕ್ಕೆ ಹತ್ತನೆಯ ತರಗತಿಯ ಪರೀಕ್ಷೆ ಬಂದು ಕುಳಿತಿದೆ, ಅಷ್ಟೇ ಭೇದ. ನಾನು ಶಿಕ್ಷಕವೃತ್ತಿಯಲ್ಲಿದ್ದ ಕಾಲದಲ್ಲಿ, ಎಂಟನೆಯ ತರಗತಿಯ ವರೆಗೆ ಗಂಡುಹುಡುಗರನ್ನು ಹಿಂದೆ ಹಾಕಿ ಓಡುತ್ತಿದ್ದ ಹುಡುಗಿಯರು ಹತ್ತನೆಯದಕ್ಕೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ಪುಸ್ತಕ ಹಿಡಿದು ನಿಲ್ಲುವುದನ್ನು ವರ್ಷವರ್ಷವೂ ಕಂಡಿದ್ದೇನೆ. ಆಟವೋ ಓದೋ ಎಂಬ ಪ್ರಶ್ನೆಯನ್ನು ಆ ಮಕ್ಕಳು ತಾವಾಗಿ ಕೇಳಿಕೊಂಡವರಲ್ಲ. ಅದನ್ನು ಅವರ ಮುಂದಿಟ್ಟವರು ಯಾರು, ಎಂದಿನಿಂದ, ಎಂಬುದನ್ನು ಇಲ್ಲಿ ವಿಚಾರಿಸುವೆನು.

ನಮ್ಮ ನೆರೆಯ ಕಲ್ಯಾಣದಿಂದಲೇ ಆರಂಭಿಸಬಹುದಾಗಿತ್ತು. ಅಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಕುದುರೆಯನ್ನೇರಿ ಚೆಂಡನ್ನು ಹೊಡೆಯುವ ವಾಹ್ಯಾಲೀ ವಿನೋದದ ವರ್ಣನೆಯಿದೆ. ಆದರೆ ಅದು ಅರಸರ ಆಟ. ನಮ್ಮ ವಿಷಯಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಾಲ್ಚೆಂಡಾಟದ ಕೀರ್ತಿಯು ನಮ್ಮ ಸೀಮೆಗೆ ಬಂದದ್ದು ಹೈದರಾಬಾದಿನ ದಾರಿಯಿಂದ. ೧೯೫೬ರ ವರೆಗೆ ಚಿಟಗುಪ್ಪ, ಹುಮನಾಬಾದ, ಕಲ್ಯಾಣಗಳೆಲ್ಲ ಆ ರಾಜ್ಯಕ್ಕೆ ಸೇರಿದ್ದವು. ಹೈದರಾಬಾದ ನಗರ ಪೋಲೀಸರ ತಂಡವು ೧೯೫೦ರಿಂದ ೧೯೫೪ರ ವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆ ತಂಡವನ್ನು ತಿದ್ದಿ ಬೆಳೆಸಿದ ಸಯ್ಯದ ಅಬ್ದುಲ್ ರಹೀಮರು ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು, ವೃತ್ತಿಯಿಂದ ಶಾಲೆಯ ಮಾಸ್ತರರು. (ನನ್ನ ವೃತ್ತಿಬಾಂಧವರೆಂಬ ಅಭಿಮಾನದಿಂದ ಇದನ್ನು ಬರೆದಿರುವೆನೆಂದು ವಾಚಕರು ನಕ್ಕರೆ ನಗಲಿ.) ಇವರ ಶಿಕ್ಷಣದಲ್ಲಿ ಭಾರತವು ೧೯೫೧ ಮತ್ತು ೧೯೬೨ರ ಏಶಿಯಾದ ಕ್ರೀಡೋತ್ಸವಗಳಲ್ಲಿ ಸುವರ್ಣ ಪದಕವನ್ನೂ, ೧೯೫೬ರ ಮೆಲ್ಬೋರ್ನ್ ಒಲಿಂಪಿಕ್ಕಿನಲ್ಲಿ ನಾಲ್ಕನೆಯ ಸ್ಥಾನವನ್ನೂ ಪಡೆಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ಪೋಲೀಸ ತಂಡದ ಆಟಗಾರರಿಗೆ ಅನ್ನ ಹಾಕಿದ್ದು ಆಟವಲ್ಲ, ಇಲಾಖೆಯ ಸಂಬಳ. ಆಟ ಮುಗಿದ ಮೇಲೂ ನೌಕರಿ ಉಳಿಯುತ್ತಿತ್ತು. ಅದೇ ನಗರದಲ್ಲಿ ಹುಡುಗಿಯರಿಗಾಗಿ ಮಹಬೂಬಿಯಾ ಶಾಲೆ ೧೯೦೭ರಲ್ಲಿಯೂ, ಮಹಿಳಾ ಕಾಲೇಜು ೧೯೨೪ರಲ್ಲಿಯೂ ಹುಟ್ಟಿದ್ದವು. ಆ ಪೀಳಿಗೆಯ ಸ್ತ್ರೀಯರಿಗೆ ಶಾಲೆಯ ಹೊಸ್ತಿಲನ್ನು ದಾಟುವುದೇ ಒಂದು ಪಂದ್ಯವಾಗಿತ್ತು. ಮೈದಾನದ ಮಾತು ದೂರವೇ ಉಳಿಯಿತು.

ಆಟದ ತವರಾದ ಇಂಗ್ಲಂಡದಲ್ಲಿಯಾದರೂ ಸ್ಥಿತಿಯು ಮೇಲಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಪ್ರೆಸ್ಟನ್ ಎಂಬ ಊರಲ್ಲಿ ಮದ್ದುಗುಂಡಿನ ಕಾರಖಾನೆಯ ಹೆಣ್ಣುಮಕ್ಕಳು ೧೯೧೭ರಲ್ಲಿ ಡಿಕ್ ಕೆರ್ ತಂಡವನ್ನು ಕಟ್ಟಿದರು. ೧೯೨೦ರ ಡಿಸೆಂಬರ ೨೬ರಂದು ಲಿವರಪೂಲಿನಲ್ಲಿ ಇವರ ಆಟವನ್ನು ನೋಡಲು ಸುಮಾರು ೫೩,೦೦೦ ಜನ ನೆರೆದಿದ್ದರು. ಮರುವರ್ಷ ಡಿಸೆಂಬರ ೫ರಂದೇ ಅಲ್ಲಿಯ ಫುಟಬಾಲ ಸಂಸ್ಥೆಯು, ಈ ಆಟವು ಸ್ತ್ರೀಯರಿಗೆ ತಕ್ಕದ್ದಲ್ಲವೆಂದು ಹೇಳಿ, ತನ್ನ ಅಂಗಸಂಘಗಳ ಮೈದಾನಗಳನ್ನೆಲ್ಲ ಅವರಿಗೆ ಮುಚ್ಚಿಬಿಟ್ಟಿತು. ನಿಷೇಧವು ಸುಮಾರು ಅರ್ಧಶತಮಾನ ನಡೆಯಿತು. ಹದಿಹರೆಯದಲ್ಲಿಯೇ ಈ ತಂಡವನ್ನು ಸೇರಿದ ಲಿಲಿ ಪಾರ್ ಎಂಬಾಕೆಯು ಆಟದ ಜತೆಗೆ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಮಾಡಿ ಜೀವಿಸಿದಳು. ಆಟವನ್ನು ನಂಬಿ ಬದುಕಿದ್ದರೆ ಆಕೆಯ ಪಾಡೇನಾಗುತ್ತಿತ್ತೋ!

ನಮ್ಮ ದೇಶದಲ್ಲಿ ಮಹಿಳೆಯರ ಫುಟಬಾಲ ಒಕ್ಕೂಟವು ೧೯೭೫ರಲ್ಲಿ ಸ್ಥಾಪಿತವಾಗಿ, ಅದೇ ವರ್ಷ ರಾಷ್ಟ್ರೀಯ ಪಂದ್ಯಗಳು ಆರಂಭವಾದವು. ೧೯೮೦ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಶಿಯಾದ ಪಂದ್ಯಾವಳಿಗೆ ಭಾರತವು ಒಂದಲ್ಲ, ಎರಡು ತಂಡಗಳನ್ನು ಇಳಿಸಿತು; ಅವುಗಳಲ್ಲೊಂದು ಅಂತಿಮ ಪಂದ್ಯದ ವರೆಗೆ ಬಂದಿತು. ೧೯೮೩ರಲ್ಲಿಯೂ ಎರಡನೆಯ ಸ್ಥಾನ ದೊರೆಯಿತು. ಆ ಪೀಳಿಗೆಯಲ್ಲಿ ನಮ್ಮ ಕರ್ನಾಟಕದ ಚಿತ್ರಾ ಗಂಗಾಧರನ್ ಅವರೂ ಭಾರತದ ಪರವಾಗಿ ಆಡಿದರು. ಇವರಾರ ಮುಂದೆಯೂ 'ಆಟದ ವೃತ್ತಿಯೋ ಕಾಲೇಜೋ' ಎಂಬ ಪ್ರಶ್ನೆಯಿರಲಿಲ್ಲ. ವೃತ್ತಿಯೆಂಬುದೇ ಇಲ್ಲದಾಗ ಆಯ್ಕೆ ಎಲ್ಲಿಯದು? ಓದಿಯೋ, ಕ್ರೀಡಾಪಟುಗಳಿಗೆಂದು ಮೀಸಲಿಟ್ಟ ಸರಕಾರಿ ನೌಕರಿ ಹಿಡಿದೋ ಬದುಕಬೇಕಿತ್ತು.

ಆಯ್ಕೆಯ ಪ್ರಶ್ನೆಯು ನಿಜವಾಗಿ ಹುಟ್ಟಿದ ನಾಡು ಅಮೇರಿಕೆ. ೧೯೭೨ರಲ್ಲಿ ಅಲ್ಲಿ ಒಂದು ಕಾನೂನಾಯಿತು: ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಸ್ತ್ರೀಪುರುಷರಲ್ಲಿ ಭೇದವೆಣಿಸಕೂಡದು ಎಂಬುದೇ ಅದರ ತಾತ್ಪರ್ಯ. ಅದರಲ್ಲಿ ಆಟದ ಹೆಸರೇ ಇರಲಿಲ್ಲ. ಆದರೂ ಗಂಡುಮಕ್ಕಳ ತಂಡಗಳಿಗೆ ಹಣ ಸುರಿಯುತ್ತಿದ್ದ ಕಾಲೇಜುಗಳು ಹೆಣ್ಣುಮಕ್ಕಳ ತಂಡಗಳನ್ನೂ ಕಟ್ಟಲೇಬೇಕಾಯಿತು. ಚೆನ್ನಾಗಿ ಆಡುವವಳಿಗೆ ವಿದ್ಯಾರ್ಥಿವೇತನವನ್ನೂ ಕೊಡಬೇಕಾಯಿತು. ಕಾನೂನಿನ ಪೂರ್ವದಲ್ಲಿ ಅಲ್ಲಿಯ ಪ್ರೌಢಶಾಲೆಗಳಲ್ಲಿ ಆಡುವ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ; ಈಗ ಮೂವತ್ತು ಲಕ್ಷಕ್ಕೂ ಹೆಚ್ಚು. ೧೯೮೨ರಲ್ಲಿ ಕಾಲೇಜು ಮಹಿಳೆಯರ ರಾಷ್ಟ್ರೀಯ ಕಾಲ್ಚೆಂಡಿನ ಪಂದ್ಯಾವಳಿ ಮೊದಲಾಯಿತು. ೧೯೯೧ರಲ್ಲಿ ಚೀನದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಆ ದೇಶವೇ ಗೆದ್ದಿತು. ಅಲ್ಲಿ ಕಾಲೇಜಿಗೆ ಹೋಗುವುದೂ ಆಡುವುದೂ ಒಂದೇ ಕೆಲಸವಾಗಿತ್ತೆಂಬುದನ್ನು ಮರೆಯಬಾರದು.

ಬಳಿಕ ವೃತ್ತಿಯ ಆಟ ಬಂದಿತು, ಆದರೆ ನಿಲ್ಲಲಿಲ್ಲ. ೨೦೦೧ರಲ್ಲಿ ಹುಟ್ಟಿದ ಮೊದಲ ಲೀಗು ಮೂರು ಋತುಗಳಲ್ಲಿ ಮುಳುಗಿತು. ೨೦೦೯ರಲ್ಲಿ ಹುಟ್ಟಿದ ಎರಡನೆಯದೂ ಮೂರೇ ಋತುಗಳನ್ನು ಕಂಡಿತು. ೨೦೧೩ರಲ್ಲಿ ಆಡತೊಡಗಿದ ಮೂರನೆಯ ಲೀಗು ಮಾತ್ರ ಉಳಿದಿದೆ. ಅದರ ಮೊದಲ ವರ್ಷ ಆಟಗಾರ್ತಿಯ ಕನಿಷ್ಠ ಸಂಬಳ ೬,೦೦೦ ಡಾಲರು. ೨೦೨೫ರಲ್ಲಿ ೪೮,೫೦೦ ಡಾಲರು. ಈ ಎರಡು ಅಂಕಿಗಳ ನಡುವೆಯೇ ನಮ್ಮ ಪ್ರಶ್ನೆಯ ಇತಿಹಾಸವೆಲ್ಲ ಅಡಗಿದೆ. ಆರು ಸಾವಿರಕ್ಕಾಗಿ ಕಾಲೇಜಿನ ವೇತನವನ್ನು ಬಿಡುವ ಹುಡುಗಿ ಹುಚ್ಚಿಯೆನಿಸಿಕೊಳ್ಳುತ್ತಿದ್ದಳು; ಈಗ ಹಾಗೆ ಹೇಳುವಂತಿಲ್ಲ.

ಇದಕ್ಕೂ ಮುಂಚೆ, ೨೦೧೨ರಲ್ಲಿ, ೧೮ ವರ್ಷದ ಲಿಂಡ್ಸೆ ಹೊರಾನ್ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯವನ್ನು ಬಿಟ್ಟು ಪ್ಯಾರಿಸಿನ ಸಂಘವೊಂದನ್ನು ಸೇರಿದಾಗ ಜನ ಬೆರಗಾದರು. ಓಲಿವಿಯಾ ಮೌಲ್ಟ್ರಿ ಎಂಬ ಬಾಲೆಯು ೧೩ ವರ್ಷದವಳಿದ್ದಾಗಲೇ ಕಾಲೇಜಿನ ಆಟವನ್ನು ತೊರೆಯುವೆನೆಂದು ಸಾರಿದಳು. ೧೮ ತುಂಬದವರಿಗೆ ಲೀಗಿನಲ್ಲಿ ಪ್ರವೇಶವಿಲ್ಲವೆಂಬ ನಿಯಮದ ವಿರುದ್ಧ ೨೦೨೧ರಲ್ಲಿ ನ್ಯಾಯಾಲಯಕ್ಕೆ ಹೋಗಿ ಗೆದ್ದು, ೧೫ರ ವಯಸ್ಸಿಗೆ ಪೋರ್ಟ್ಲೆಂಡಿನ ತಂಡದೊಡನೆ ಕರಾರು ಮಾಡಿಕೊಂಡಳು. ಇಂಥವಳು ಮುಂದೆ ಕಾಲೇಜಿನಲ್ಲಿ ಓದಬಾರದೆಂದೇನೂ ಇಲ್ಲ. ಆದರೆ ವೃತ್ತಿಯವಳೆಂದು ಹಣ ಪಡೆದು ಆಡಿದವಳಿಗೆ ಕಾಲೇಜಿನ ತಂಡದ ಬಾಗಿಲು ಮುಚ್ಚುತ್ತದೆ, ಅದರೊಡನೆ ಆಟದ ವೇತನವೂ ಹೋಗುತ್ತದೆ. ಒಮ್ಮೆ ದಾಟಿದರೆ ಹಿಂದಿರುಗಲಾಗದ ಹೊಳೆ ಅದು. ೨೦೨೫ರ ಒಂದು ಒಪ್ಪಂದದ ಮೇಲೆ ಕಾಲೇಜುಗಳೇ ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾದ್ದರಿಂದ ಈ ಭೇದವೂ ಸವೆಯುತ್ತಲಿದೆ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಭಾರತೀಯ ಮಹಿಳಾ ಲೀಗಿನ ಮೊದಲ ಋತುವಿನ ಮುಖ್ಯ ಸುತ್ತು ೨೦೧೭ರ ಜನೇವರಿ ೨೮ಕ್ಕೆ ಆರಂಭವಾಗಿ ಫೆಬ್ರುವರಿ ೧೪ಕ್ಕೆ ಮುಗಿಯಿತು. ವರ್ಷದಲ್ಲಿ ಹದಿನೆಂಟು ದಿನ! ನಮ್ಮೂರ ಜಾತ್ರೆಯೂ ಸಿದ್ಧತೆ ಸೇರಿ ಇಷ್ಟು ದಿನ ನಡೆದೀತು. ಇದನ್ನು ವೃತ್ತಿಯೆಂದು ನಂಬಿ ಓದು ಬಿಡೆಂದು ಯಾವ ತಂದೆ ಹೇಳಿಯಾನು? ೨೦೨೩ರ ಕೊನೆಗೆ ಮೊದಲಾದ ಋತುವಿನಲ್ಲಿ ಏಳು ತಂಡಗಳು ಒಂದರ ಊರಿಗೆ ಇನ್ನೊಂದು ಹೋಗಿ ತಿಂಗಳುಗಟ್ಟಲೆ ಆಡುವ ಪದ್ಧತಿ ಬಂದಿತು; ಪ್ರತಿ ತಂಡವೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ೩.೨ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕೆಂದೂ ಗೊತ್ತುಮಾಡಿದರು. ಆ ಏಳರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಸಂಘವೂ ಒಂದು. ೨೦೨೩ರ ಮೇ ತಿಂಗಳಲ್ಲಿ ಅದು ಅಂತಿಮ ಪಂದ್ಯಕ್ಕೆ ಬಂದು ಕೇರಳದ ಗೋಕುಲಂ ತಂಡಕ್ಕೆ ಸೋತಿತು. ೨೦೨೫ರ ಜುಲೈ ೫ರಂದು ಭಾರತದ ಮಹಿಳೆಯರು ಥಾಯಲಂಡವನ್ನು ಅವರ ನೆಲದಲ್ಲಿಯೇ ೨-೧ರಿಂದ ಸೋಲಿಸಿ ೨೦೨೬ರ ಏಶಿಯಾ ಕಪ್ಪಿಗೆ ಅರ್ಹರಾದರು. ಆದುದರಿಂದ ಬಾಗಿಲು ತೆರೆದಿರುವುದು ದಿಟ. ಎಷ್ಟು ಅಗಲವಾಗಿ ಎಂಬುದೇ ಪ್ರಶ್ನೆ.

ಬೀದರ ಜಿಲ್ಲೆಯ ಗೃಹಸ್ಥನು ಮಗಳನ್ನು ಮೈದಾನದಿಂದ ಕರೆದುಕೊಂಡರೆ ಅವನನ್ನು ಹಳಿಯುವುದು ಸುಲಭ. ಅವನ ಲೆಕ್ಕವನ್ನೂ ನೋಡಬೇಕು. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ಬಂದ ೩೭೧ (ಜೆ) ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವಿದ್ಯಾಲಯಗಳಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಮೀಸಲು ದೊರೆತಿದೆ. ತಲೆಮಾರುಗಳು ಕಾದು ಪಡೆದ ಈ ಸೌಕರ್ಯವು ಅಂಕಪಟ್ಟಿಯನ್ನು ಕೇಳುತ್ತದೆ, ಗೋಲುಗಳನ್ನಲ್ಲ. ಇನ್ನೊಂದು ಕಡೆಗೆ, ಆಟದ ಕರಾರು ಒಂದೆರಡು ವರ್ಷದ್ದು. ಮೊಣಕಾಲಿನ ಒಳಗಿನ ಸ್ನಾಯುಬಂಧವು ಹರಿದರೆ ಬಹುಮಟ್ಟಿಗೆ ಒಂದು ವರ್ಷದ ಆಟವೇ ಹೋಗುತ್ತದೆ, ಮತ್ತು ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ತಗಲುವುದೆಂದು ವೈದ್ಯರು ಹೇಳುತ್ತಾರೆ. ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಚೇತರಿಸಿಕೊಳ್ಳುವ ತಿಂಗಳುಗಳಲ್ಲಿ ಸಂಬಳ ಉಂಟೋ ಇಲ್ಲವೋ ಎಂದು ಕರಾರಿಗೆ ಸಹಿ ಹಾಕುವ ಮುನ್ನ ಕೇಳುವ ತಂದೆಯನ್ನು ನಾನು ಹೇಡಿಯೆನ್ನಲಾರೆ.

ಆದರೆ ಓದಿಗಾಗಿ ಆಟವನ್ನು ಬೇರುಸಹಿತ ಕಿತ್ತುಹಾಕಬೇಕೆಂಬ ವಾದವನ್ನು ಒಪ್ಪಲಾರೆ. ಎರಡನ್ನೂ ನಡೆಯಿಸಿದವರು ನಮ್ಮ ಕಾಲದಲ್ಲಿಯೇ ಇದ್ದಾರೆ. ಆಫ್ಘಾನಿಸ್ತಾನದಿಂದ ನಿರಾಶ್ರಿತಳಾಗಿ ಡೆನ್ಮಾರ್ಕಿಗೆ ಹೋದ ನಾದಿಯಾ ನದೀಮ್, ಪ್ಯಾರಿಸಿನಂಥ ನಗರದ ತಂಡದಲ್ಲಿ ಆಡುತ್ತಲೇ ವೈದ್ಯವಿದ್ಯೆಯನ್ನು ಕಲಿತು ೨೦೨೨ರಲ್ಲಿ ಪದವಿ ಪಡೆದಳು. ಭಾರತದ ಗೋಲುರಕ್ಷಕಿಯಾಗಿದ್ದ ಅದಿತಿ ಚೌಹಾನ್ ಇಂಗ್ಲಂಡದ ಲಫ್‌ಬರೊ ವಿಶ್ವವಿದ್ಯಾಲಯಕ್ಕೆ ಓದಲು ಹೋದವಳು. ೨೦೧೫ರಲ್ಲಿ ಲಂಡನ್ನಿನ ವೆಸ್ಟ್ ಹ್ಯಾಮ್ ಮಹಿಳಾ ತಂಡಕ್ಕೆ ಸೇರಿದಳು. ಆಕೆಗೆ ಕಾಲೇಜೇ ಮೈದಾನದ ದಾರಿಯಾಯಿತು.

ನಮ್ಮಲ್ಲಿ ಅಡ್ಡ ಬರುವುದು ಪಂಚಾಂಗ. ೨೦೨೩-೨೪ರ ಮಹಿಳಾ ಲೀಗು ಡಿಸೆಂಬರದಿಂದ ಮಾರ್ಚದ ವರೆಗೆ ನಡೆಯಿತು. ಮುಂದಿನದು ಜನೇವರಿಯಿಂದ ಏಪ್ರಿಲದ ವರೆಗೆ. ನಮ್ಮ ರಾಜ್ಯದ ದ್ವಿತೀಯ ಪಿ.ಯು.ಸಿ. ಪರೀಕ್ಷೆಯು ೨೦೨೪ರಲ್ಲಿಯೂ ೨೦೨೫ರಲ್ಲಿಯೂ ಮಾರ್ಚ ೧ಕ್ಕೇ ಆರಂಭವಾಯಿತು. ಹದಿನೇಳು ವರ್ಷದ ಹುಡುಗಿಯು ಆ ದಿನ ಪರೀಕ್ಷೆಯ ಕೋಣೆಯಲ್ಲಿರಬೇಕೋ ಮೈದಾನದಲ್ಲಿರಬೇಕೋ? ಕಾಲೇಜಿನಲ್ಲಿ ಶೇಕಡಾ ೭೫ರ ಹಾಜರಿಯೂ ಬೇಕು. ಆಟಕ್ಕೆ ಹೋದ ದಿನಗಳನ್ನು ಹಾಜರಿಯೆಂದು ಬರೆದುಕೊಳ್ಳುವ ಪ್ರಾಚಾರ್ಯರು ಇದ್ದಾರೆ, ಬರೆದುಕೊಳ್ಳದವರೂ ಇದ್ದಾರೆ; ಮಗಳ ಭವಿಷ್ಯವು ಅವರ ಮರ್ಜಿಯ ಮೇಲೆ ನಿಂತಿರುತ್ತದೆ. ಒಂದು ಮಾತ್ರ ಅನುಕೂಲವಾಗಿದೆ. ೨೦೨೪ರಿಂದ ಪಿ.ಯು.ಸಿ. ಪರೀಕ್ಷೆಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೂಡ್ರುವ ಅವಕಾಶ ಬಂದಿದ್ದು, ಮಾರ್ಚದಲ್ಲಿ ತಪ್ಪಿದ್ದನ್ನು ಬೇಸಗೆಯಲ್ಲಿಯೇ ಬರೆದು, ವರ್ಷವನ್ನು ಕಳೆದುಕೊಳ್ಳದೆ ಮುಂದಿನ ತರಗತಿಗೆ ಹೋಗಬಹುದಾಗಿದೆ. ಈ ಏರ್ಪಾಡನ್ನು ಮಾಡಿದವರ ಮನಸ್ಸಿನಲ್ಲಿ ಕಾಲ್ಚೆಂಡಾಡುವ ಹುಡುಗಿಯರು ಇದ್ದಿರಲಾರರು.